ಚಿಗವ್ವ ಸಾಕಿಕೊಂಡ ಜೋಡಿ

ನಮ್ಮ ಚಿಗವ್ವ ಒಂದು ಗಂಡ-ಹೆಂಡತಿಯ ಜೋಡಿಯನ್ನು ಸಾಕಿಕೊಂಡಿದ್ದಾಳೆ! ಎಮ್ಮೆ ಸಾಕಿದವರನ್ನು ನೋಡಿದ್ದೀರಿ, ಕೋಳಿ ಸಾಕಿದವರನ್ನು ನೋಡಿದ್ದೀರಿ. ಗಂಡ-ಹೆಂಡತಿಯನ್ನು ಸಾಕಿದವರನ್ನು ಎಲ್ಲಾದರೂ ಕಂಡಿದ್ದೀರಾ? ಖರ್ಚು ಅಂಥದ್ದೇನಿಲ್ಲ. ಊಟ ಹಾಕಬೇಕಿಲ್ಲ, ಬಟ್ಟೆ ಹೊಲಿಸಬೇಕಿಲ್ಲ. ಕರೆಂಟು ಇದ್ದರೆ ಸಾಕು, ಬದುಕಿಕೊಳ್ಳುತ್ತಾರೆ. ಕರೆಂಟು ಹೋದರೆ ಮಾತ್ರ ಅವರಿಗಿಂತ ಮೊದಲು ಚಿಗವ್ವನ ಜೀವ ಹೋಗುತ್ತದೆ.

ಒಗಟು ಸಾಕು, ಬಿಡಿಸಿ ಹೇಳುತ್ತೇನೆ. ಅವರಿಬ್ಬರೂ ಟಿವಿ ಧಾರಾವಾಹಿಯೊಂದರ ನಾಯಕ, ನಾಯಕಿ. ಯಾವ ಧಾರಾವಾಹಿ ಎಂದು ಹೇಳುವುದಿಲ್ಲ. ಹೇಳಿದರೆ ನೀವು ಇದನ್ನು ಅರ್ಧಕ್ಕೇ ಬಿಟ್ಟು ಅದರ ಮುಂದೆ ಹೋಗಿ ಕೂತುಬಿಟ್ಟರೆ ನನ್ನ ಗತಿಯೇನು? ಚಿಗವ್ವ ಕೂಡ ಅವರ ಹೆಸರು ಹಿಡಿದು ಕರೆಯುವುದಿಲ್ಲ. "ನಮ್ಮ ಹುಡುಗ", "ನಮ್ಮ ಹುಡುಗಿ" ಅಷ್ಟೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ಕುಂದಗೋಳದವಳು. ಅಲ್ಲಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದ ದಿನದಿಂದ ನಾನು ಅವಳ ಮನೆಯಲ್ಲೇ ಠಿಕಾಣಿ ಹೂಡಿದ್ದೇನೆ. ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಮಕ್ಕಳಿಗೆ ಬೆಳಕಿನ ವಕ್ರೀಭವನ ಹೇಳಿಕೊಡುತ್ತಿದ್ದೆ. ಫೋನು ಬಂತು.

"ಲಗೂನ ಬಾರವಾ! ನಮ್ಮ ಹುಡುಗ ಗಾಡಿ ಮ್ಯಾಲಿಂದ ಬಿದ್ದಾನ! ಹಣಿ ಒಡದು ರಕ್ತ ಸುರಿಯಾಕತ್ತೇತಿ!"

ಚಿಗವ್ವನಿಗೆ ಇರುವವನು ಒಬ್ಬನೇ ಮಗ, ಬೈಕು ಓಡಿಸುವವನು. ಸೀಮೆಸುಣ್ಣ ಹಿಡಿದ ಕೈಯಲ್ಲೇ ಓಡಿ ಬಂದೆ. ನೋಡಿದರೆ ಆ ಮಗರಾಯ ಟಿವಿಯ ಮುಂದೆ ರೊಟ್ಟಿ ಮುರಿಯುತ್ತ ಕೂತಿದ್ದಾನೆ! ನನ್ನನ್ನು ಕಂಡವನೇ, "ಭಾಳ ಪೆಟ್ಟು ಬಿದ್ದೈತಿ ಅಕ್ಕಾ" ಎಂದು ಪರದೆಯತ್ತ ಕೈ ಮಾಡಿದ. ಅಲ್ಲಿ ನಾಯಕನ ಹಣೆಗೆ ಒಂದಿಂಚಿನ ಪಟ್ಟಿ. ಹಿಂದಿನ ಸಂಜೆ ಊರಿಗೆಲ್ಲ ಕರೆಂಟು ಹೋಗಿ ತಪ್ಪಿದ್ದ ಕಂತು ಅದು, ಆಗ ಮತ್ತೆ ಬರುತ್ತಿತ್ತು.

ಮರುದಿನ ರಜೆಯ ಅರ್ಜಿಯಲ್ಲಿ ಕಾರಣ ಏನೆಂದು ಬರೆಯಲಿ ಹೇಳಿ? "ಧಾರಾವಾಹಿಯ ನಾಯಕರು ಗಾಯಗೊಂಡ ಪ್ರಯುಕ್ತ" ಎನ್ನಲೇ? "ಮನೆಯಲ್ಲಿ ತುರ್ತು ಕೆಲಸ" ಎಂದು ಬರೆದು ಕೊಟ್ಟೆ. ಹೆಡ್‌ಮಾಸ್ತರರು ಓದಿದರು, ಕನ್ನಡಕ ಇಳಿಸಿದರು, ದನಿ ತಗ್ಗಿಸಿದರು. "ಹುಡುಗ ಈಗ ಹೆಂಗದಾನ್ರಿ? ನಮ್ಮ ಮನ್ಯಾಗೂ ನಿನ್ನೆ ಯಾರೂ ಛಂದಾಗಿ ಉಂಡಿಲ್ಲ ನೋಡ್ರಿ."

ಇಡೀ ಊರೇ ಹೀಗಿರುವಾಗ ಚಿಗವ್ವನೊಬ್ಬಳನ್ನು ಯಾಕೆ ಹಾಸ್ಯ ಮಾಡುತ್ತೀ ಎಂದು ಕೇಳಬೇಡಿ. ಉಳಿದವರು ಅರ್ಧ ಗಂಟೆ ನೋಡಿ ಏಳುತ್ತಾರೆ. ಚಿಗವ್ವನದು ಹಾಗಲ್ಲ. ಅವಳ ಉದ್ಯೋಗವೇ ಆ ಜೋಡಿಯ ಕೈಯಲ್ಲಿದೆ.

ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವಳ ಖಡಕ್ ರೊಟ್ಟಿಯ ಕಾರಖಾನೆ. ಎಂಟು ಒಲೆ, ಎಂಟು ಹಂಚು, ಎಂಟು ಹೆಣ್ಣುಮಕ್ಕಳು. ಬಡಿದು, ಸುಟ್ಟು, ಒಣಗಿಸಿ ಕಟ್ಟಿಟ್ಟ ಜೋಳದ ರೊಟ್ಟಿಯನ್ನು ಚಿಗವ್ವನ ಗಂಡ, ಅಂದರೆ ನಮ್ಮ ಕಾಕಾ, ಹುಬ್ಬಳ್ಳಿಯ ಖಾನಾವಳಿಗಳಿಗೆ ಮುಟ್ಟಿಸಿ ಬರುತ್ತಾನೆ. ಶೆಡ್ಡಿನ ಎದುರು ಗೋಡೆಗೆ ಒಂದು ದೊಡ್ಡ ಟಿವಿ. ಸಂಜೆ ಏಳೂವರೆಗೆ ಬಂದ ಕಂತು ಮರುದಿನ ಮಧ್ಯಾಹ್ನ ಎರಡಕ್ಕೆ ಮತ್ತೆ ಬರುತ್ತದೆ. ಮನೆಯಲ್ಲಿ ನೋಡಿದ್ದನ್ನೇ ಇಲ್ಲಿ ಮತ್ತೆ ನೋಡುತ್ತಾರೆ.

"ಒಮ್ಮೆ ನೋಡಿದ್ದನ್ನ ಮತ್ತ್ಯಾಕ ನೋಡ್ತೀರಿ?" ಎಂದು ನಾನೊಮ್ಮೆ ಕೇಳಿದ್ದೆ.

"ಸಂಜೀಕ ನೋಡೂದು ಏನಾತಂತ ತಿಳಕೊಳ್ಳಾಕ. ಮಧ್ಯಾನ ನೋಡೂದು ಸವಿಯಾಕ" ಎಂದಳು ಚಿಗವ್ವ.

ಎರಡು ಗಂಟೆಗೆ ಆ ಶೆಡ್ಡಿನಲ್ಲಿ ನೀವೊಮ್ಮೆ ನಿಲ್ಲಬೇಕು! ನಾಯಕ ನಾಯಕಿಯನ್ನು ಕಣ್ಣೆತ್ತಿ ನೋಡಿದನೋ, ಎಂಟು ಜೊತೆ ಕೈಗಳೂ ಒಂದೇ ತಾಳಕ್ಕೆ ಬೀಳುತ್ತವೆ. ಅಂಥ ದಿನದ ರೊಟ್ಟಿ ಹಿಡಿದರೆ ಆಚೆಯ ಬೆಳಕು ಈಚೆ ಕಾಣುತ್ತದೆ. ಆದರೆ ನಾಯಕನ ಸೋದರತ್ತೆ ಎಂಬ ಘಾತಕಿ ಪರದೆಯ ಮೇಲೆ ಬಂದಳೆಂದರೆ ಮುಗಿಯಿತು. ಹಿಟ್ಟಿನ ಮೇಲೆ ಬೀಳುವ ಏಟು ನೋಡಬೇಕು! ಆ ದಿನ ರೊಟ್ಟಿಯ ನಟ್ಟನಡುವೆ ತೂತು. ಇದನ್ನೆಲ್ಲ ನಾನು ವಿಜ್ಞಾನದವಳಾಗಿ ಒಂದು ತಿಂಗಳು ಗಮನಿಸಿಯೇ ಹೇಳುತ್ತಿದ್ದೇನೆ.

ಒಮ್ಮೆ ಬರೆಯುವವರಿಗೆ ಏನು ತಲೆ ಕೆಟ್ಟಿತ್ತೋ, ನಾಯಕ-ನಾಯಕಿಯರ ನಡುವೆ ಮುನಿಸು ಹುಟ್ಟಿಸಿ ಹದಿನೈದು ದಿನ ಮಾತು ಬಿಡಿಸಿಬಿಟ್ಟರು. ಶೆಡ್ಡಿಗೆ ಸೂತಕ ಬಡಿಯಿತು. ರೊಟ್ಟಿ ದಿನದಿಂದ ದಿನಕ್ಕೆ ದಪ್ಪವಾದವು. ಹುಬ್ಬಳ್ಳಿಯ ಒಬ್ಬ ಖಾನಾವಳಿಯವರು ಫೋನು ಮಾಡಿ ಹರಿಹಾಯ್ದರು.

"ಏನ್ರಿ ಬಾಯಾರ, ರೊಟ್ಟಿ ಕಳಿಸೀರೋ, ಹಂಚು ಕಳಿಸೀರೋ? ಗಿರಾಕಿ ಹಲ್ಲು ಮುರಿಯೂದೊಂದ ಬಾಕಿ ಐತಿ!"

"ಏನ್ ಮಾಡೂಣ್ರಿ ಸಾಹುಕಾರ, ಅವರಿಬ್ಬರೂ ಮಾತಾಡಿ ಹದಿನೈದು ದಿನಾತ್ರಿ. ಕೈ ಏಳವಲ್ದು."

"ಯಾರ್ರಿ? ನಿಮ್ಮ ಕೆಲಸದವರೇನು?"

ಚಿಗವ್ವ ಕಥೆಯನ್ನು ಮೊದಲಿನಿಂದ ಹೇಳಿದಳು. ಎಲ್ಲ ಕೇಳಿ ಅವರೆಂದರು: "ಆ ಇಬ್ಬರನ್ನೂ ನಮ್ಮ ಖಾನಾವಳಿಗೆ ಕಳಸ್ರಿ. ಎದುರಾಬದುರಾ ಕುಂಡ್ರಿಸಿ ನಾನ ರಾಜಿ ಮಾಡಸ್ತೇನಿ. ನನಗ ತೆಳ್ಳನ ರೊಟ್ಟಿ ಬೇಕು, ಅಷ್ಟ!" ಆ ವಾರವೇ ಜೋಡಿ ಒಂದಾಯಿತು. ಚಿಗವ್ವ ಆ ದಿನದ ಪೊಟ್ಟಣದ ಜೊತೆಗೆ ಒಂದಿಷ್ಟು ಎಳ್ಳು ಹಚ್ಚಿದ ರೊಟ್ಟಿಯನ್ನೂ ಕಟ್ಟಿ ಕಾಕಾನ ಕೈಗೆ ಕೊಟ್ಟಳು. "ಮಾತಾಡಿದ್ರು ಅಂತ ಹೇಳ್ರಿ ಸಾಹುಕಾರಗ!"

ಅಷ್ಟಕ್ಕೂ ಆ ಜೋಡಿಯಲ್ಲಿ ಅಂಥದ್ದೇನಿದೆ? ನಾನು ಕೇಳಿಯೇಬಿಟ್ಟೆ. ಕೇಳಿದ್ದು ಒಬ್ಬಳನ್ನು, ಉತ್ತರ ಬಂದದ್ದು ಎಂಟೂ ಒಲೆಗಳಿಂದ!

"ಚೆಲುವ ಅದಾನಂತ ನೋಡ್ತೇವಿ ಅಂದ್ಕೊಂಡೀ ಏನು? ಚೆಲುವರು ಟಿವ್ಯಾಗ ಬೇಕಾದಷ್ಟು ಮಂದಿ ಅದಾರ. ಅಂವಾ ಕೇಳ್ತಾನವಾ, ಕೇಳ್ತಾನ!" ಎಂದಳು ಚಿಗವ್ವ.

"ಏನು ಕೇಳ್ತಾನ?"

"ಉಂಡೀ ಏನು ಅಂತ ಕೇಳ್ತಾನ. ಮನಿಗೆ ಬಂದ ಕೂಡ್ಲೆ, ಚಪ್ಲಿ ಬಿಡೂಕಿಂತ ಮೊದಲ ಕೇಳ್ತಾನ."

"ಆಕಿನೂ ಏನು ಕಮ್ಮಿ ಇಲ್ಲ ಬಿಡ್ರಿ" ಎಂದಳು ಎರಡನೇ ಒಲೆಯವಳು. "ಅಂವಾ ತಡಾ ಮಾಡಿ ಬಂದ್ರ ಬೈಯೂದಿಲ್ಲ, ಅಳೂದಿಲ್ಲ. ಸಾರಿಗೆ ಉಪ್ಪು ಹಾಕೂದಿಲ್ಲ, ಅಷ್ಟ! ಅಂವಾ ಸುಮ್ನ ಉಂಡು ಏಳ್ತಾನ. ತಪ್ಪು ಗೊತ್ತಾತಲ್ಲ!"

ಮೂಲೆಯ ಒಲೆಯಿಂದ ಇನ್ನೊಬ್ಬಳು ಎಂದಳು: "ಆಕಿ ಮಾತಾಡೂ ಮುಂದ ಅಂವಾ ಮೊಬೈಲ್ ನೋಡೂದಿಲ್ರಿ ಟೀಚರ."

ನನಗೆ ನಗು ತಡೆಯಲಿಲ್ಲ. "ಕ್ಯಾಮೆರಾ ಮುಂದ ನಿಂತಾವ ಮೊಬೈಲ್ ನೋಡಿದ್ರ ಡೈರೆಕ್ಟರ್ ಬಿಡ್ತಾನೇನ್ರೇ?"

"ಬಿಡೂದಿಲ್ಲಲ್ಲ? ಹಂಗಾರ ಮನಿಗೊಬ್ಬ ಡೈರೆಕ್ಟರ್ ಬೇಕು ನೋಡ್ರಿ!"

ಈ ಮಾತು ನಡೆದಾಗ ಕಾಕಾ ಬಾಗಿಲಲ್ಲಿ ರೊಟ್ಟಿಯ ಪೊಟ್ಟಣ ಕಟ್ಟುತ್ತಿದ್ದ. ನಮ್ಮ ಕಾಕಾ ಮಾತಿನ ಮನುಷ್ಯನಲ್ಲ. ದಿನಕ್ಕೆ ಹನ್ನೆರಡು ಮಾತು ಆಡಿದರೆ ಅದೇ ಹಬ್ಬ. ಆದರೆ ಕಿವಿ ಚುರುಕು. ಅದೇ ಹೊತ್ತಿಗೆ ಪರದೆಯ ಮೇಲೆ ಆ ಪ್ರಸಿದ್ಧ ಶೇಂಗಾದ ದೃಶ್ಯ ಬಂತು. ನಾಯಕ-ನಾಯಕಿ ಮಾಳಿಗೆಯ ಮೇಲೆ ಕೂತಿದ್ದಾರೆ. ಆತ ಒಂದೊಂದೇ ಶೇಂಗಾ ಒಡೆದು ಕಾಳನ್ನು ಅವಳ ಅಂಗೈಗೆ ಹಾಕುತ್ತಾನೆ. ಅವಳು ತಿನ್ನುತ್ತಾಳೆ. ಒಂದು ಮಾತಿಲ್ಲ, ಒಂದು ಹಾಡಿಲ್ಲ! ಐದಾರು ನಿಮಿಷ ಬರೀ ಶೇಂಗಾ ಒಡೆಯುವ ಸದ್ದು. ಶೆಡ್ಡಿನಲ್ಲಿ ಎರಡು ರೊಟ್ಟಿ ಕರಿಕಾಗಿ ಹೊಗೆ ಎದ್ದರೂ ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಸಂಜೆ ಕಾಕಾ ಬಿಸಿ ಬಿಸಿ ಹುರಿದ ಶೇಂಗಾ ತಂದ! ಮನೆಯ ಮುಂದಿನ ಕಟ್ಟೆಯ ಮೇಲೆ ಚಿಗವ್ವನ ಬಾಜು ಬಂದು ಕೂತ. ಚಿಗವ್ವ ಸೆರಗು ಸರಿ ಮಾಡಿಕೊಂಡಳು. ನಾನು ಕಿಟಕಿಯಲ್ಲಿ ಇಣುಕುತ್ತ ನಿಂತೆ. ಕಾಕಾ ಒಂದು ಶೇಂಗಾ ಒಡೆದ. ಮೂವತ್ತು ವರ್ಷದ ರೂಢಿ ಎಲ್ಲಿ ಬಿಡುತ್ತದೆ? ಕಾಳು ಸೀದಾ ಅವನ ಬಾಯಿಗೆ ಹೋಯಿತು, ಸಿಪ್ಪೆ ಅವಳ ಅಂಗೈಗೆ ಬಂತು!

ಚಿಗವ್ವ ಅಂಗೈಯನ್ನು ನೋಡಿದಳು, ಗಂಡನನ್ನು ನೋಡಿದಳು. "ನಮ್ಮ ಹುಡುಗ ಕಾಳು ಕೊಟ್ಟಾ. ನೀವು ಸಿಪ್ಪಿ ಕೊಟ್ರಿ."

ಕಾಕಾ ಬಹಳ ಹೊತ್ತು ಯೋಚಿಸಿ ಹೇಳಿದ: "ಡೈರೆಕ್ಟರ್ ಇರಲಿಲ್ಲ."

ಈಗ ಬಾಗಿಲ ಹತ್ತಿರದ ಎಂಟನೇ ಒಲೆಯ ಬಗ್ಗೆ ಹೇಳಬೇಕು. ಅದು ಸವಿತಾಳ ಒಲೆ. ಸವಿತಾ ಗುಡಗೇರಿಯ ಹುಡುಗಿ. ಟ್ರ್ಯಾಕ್ಟರ್ ಓಡಿಸುವ ಮಂಜುನಾಥನನ್ನು ಮೆಚ್ಚಿ, ಮನೆಯವರ ಮಾತು ಮೀರಿ ಮದುವೆಯಾಗಿ ಕುಂದಗೋಳಕ್ಕೆ ಬಂದವಳು. "ನನಗ ಮಗಳಿಲ್ಲ" ಎಂದು ಅಪ್ಪ ಬಾಗಿಲು ಹಾಕಿಕೊಂಡು ಎರಡು ವರ್ಷವಾಗಿತ್ತು. ಅವ್ವನಿಗೆ ಮಗಳ ಊರಿನ ಕಡೆ ತಲೆ ಹಾಕಲೂ ಅಪ್ಪಣೆಯಿರಲಿಲ್ಲ. ಗುಡಗೇರಿಗೂ ಕುಂದಗೋಳಕ್ಕೂ ನಡುವೆ ಇರುವುದು ರೈಲಿನ ಒಂದೇ ಒಂದು ಸ್ಟೇಷನ್ನು, ನೋಡಿ! ಶೆಡ್ಡಿನ ಹಿಂದಿನಿಂದಲೇ ಆ ರೈಲು ಹೋಗುತ್ತದೆ. ಅದರ ಸದ್ದು ಬಂದಾಗೆಲ್ಲ ಸವಿತಾ ತಲೆ ತಗ್ಗಿಸಿ ರೊಟ್ಟಿಯನ್ನು ಇನ್ನೆರಡು ಏಟು ಹೆಚ್ಚಿಗೆ ಬಡಿಯುತ್ತಿದ್ದಳು.

ಆ ಹುಡುಗಿಗೆ ಈಗ ಏಳು ತಿಂಗಳು.

ನಮ್ಮ ಕಡೆ ಏಳರಲ್ಲಿ ಬಸುರಿಗೆ ಕುಬಸ ಮಾಡುತ್ತಾರೆ, ಅಂದರೆ ಸೀಮಂತ. ತವರಿನವರು ಬುತ್ತಿ ಹೊತ್ತು ತರಬೇಕು, ಹಸಿರು ಸೀರೆ-ಕುಬಸ ಕೊಡಬೇಕು, ಹಸಿರು ಬಳೆ ಇಡಿಸಬೇಕು, ಉಡಿ ತುಂಬಬೇಕು. ತವರಿನ ಬುತ್ತಿ ಬಾರದ ಬಸುರಿಯನ್ನು ಓಣಿಯ ಮಂದಿ ನೋಡುವ ರೀತಿಯೇ ಬೇರೆ. ಬಾಯಿಂದ ಏನೂ ಅನ್ನುವುದಿಲ್ಲ, ಬರೀ "ಪಾಪ" ಎನ್ನುತ್ತಾರೆ. ಸವಿತಾಳಿಗೆ ಆಗದಿದ್ದದ್ದು ಆ ಒಂದು ಮಾತೇ. ಭಾರಿ ಸ್ವಾಭಿಮಾನದ ಹುಡುಗಿ. ಚಿಗವ್ವ ಮಲ್ಲಿಗೆ ಮಾಲೆ ಕೊಟ್ಟರೆ ಮುಡಿಯುತ್ತಿದ್ದಳು, ಆದರೆ ಮರುದಿನ ತಾನೂ ಒಂದು ಮಾಲೆ ತಂದು ಚಿಗವ್ವನಿಗೆ ಮುಡಿಸಿದ ಮೇಲೆಯೇ ಕೆಲಸಕ್ಕೆ ಕೂರುತ್ತಿದ್ದಳು.

ಒಂದು ದಿನ ನನ್ನ ಎದುರಿಗೇ ಚಿಗವ್ವ ಮಾತು ತೆಗೆದಳು. "ಸವಿತಾ, ನಿನ್ನ ಕುಬಸ ನಾ ಮಾಡ್ತೇನವಾ. ನನಗೂ ಹೆಣ್ಣು ಮಗಳಿಲ್ಲ."

ಸವಿತಾ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಬ್ಯಾಡ್ರಿ ಅಕ್ಕಾರ. ನೀವು ಪ್ರೀತೀಲೆ ಮಾಡ್ತೀರಿ, ನನಗ ಗೊತ್ತೈತಿ. ಮಂದಿ ಮಾತ್ರ ಪಾಪ ಅಂತ ಬರ್ತಾರ, ಪಾಪ ಅಂತ ಉಂಡು ಹೋಗ್ತಾರ. ನನಗ ನನ್ನ ತವರಿನ ಬುತ್ತಿ ಬರಬೇಕು. ಬರೂದಿಲ್ಲಂದ್ರ ನನಗ ಕುಬಸ ಬ್ಯಾಡ."

ಚಿಗವ್ವ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಪರದೆಯ ಮೇಲೆ ನಾಯಕ ನಾಯಕಿಗೆ ತಲೆ ಬಾಚುವ ದೃಶ್ಯ ಬಂದರೂ ಅವಳ ಮುಖ ಅರಳಲಿಲ್ಲ. ನನಗೆ ಗಾಬರಿಯಾಯಿತು!

ಇತ್ತ ಧಾರಾವಾಹಿಯ ನಾಯಕಿಯೂ ಬಸುರಿಯಾಗಿದ್ದಳು. ಅವಳಿಗೆ ತಲೆ ತಿರುಗಿ ಬಿದ್ದ ದಿನ ಶೆಡ್ಡಿನಲ್ಲಿ ಸಕ್ಕರೆ ಹಂಚಿದ್ದರು. ಧಾರಾವಾಹಿಯ ಲೆಕ್ಕವೇ ತಿಳಿಯುವುದಿಲ್ಲ ನೋಡಿ. ಒಂದು ಊಟ ಬಡಿಸಿ ಏಳಲು ನಾಲ್ಕು ದಿನ ಬೇಕು, ಬಸಿರು ಮಾತ್ರ ಎರಡೇ ತಿಂಗಳಿಗೆ ಏಳಕ್ಕೆ ಬಂದು ನಿಂತಿತು! ವಿಜ್ಞಾನದವಳಾದ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮೂರನೇ ದಿನ ಮಧ್ಯಾಹ್ನ ಚಿಗವ್ವ ಒಮ್ಮೆಲೇ ಎದ್ದು ಶೆಡ್ಡಿನ ನಡುವೆ ನಿಂತಳು. "ಎಲ್ಲಾರೂ ಕೇಳ್ರೆ! ಬರೂ ಶುಕ್ರವಾರ ನಮ್ಮ ಹುಡುಗಿ ಕುಬಸ!"

"ಯಾರದು?" ಎಂದ ಕಾಕಾ.

"ಟಿವಿಯಾಕಿದು! ತಾಯಿ ತಂದಿ ಇಲ್ಲದ ಹುಡುಗಿ ಅದು, ಆಶ್ರಮದಾಗ ಬೆಳದಾಕಿ. ಏಳರಾಗ ಬಿದ್ರೂ ಅಲ್ಲಿ ಯಾರೂ ಮಾಡಾಕತ್ತಿಲ್ಲ. ನಾವ ಆಕಿ ತವರು!"

ಕಾಕಾನ ಕೈಯಿಂದ ಪೊಟ್ಟಣ ಜಾರಿತು. ಆ ದಿನದ ಪಾಲಿನ ಮಾತನ್ನೆಲ್ಲ ಒಮ್ಮೆಗೇ ಆಡಿದ. "ಏನಾರ ಹುಚ್ಚಗಿಚ್ಚ ಹಿಡದೈತೇನ ನಿನಗ? ಊರ ಮಂದಿ ನಗ್ತಾರ!"

"ನಗಲಿ ಬಿಡ್ರಿ! ನಗಾಕಂತನ ಕರಿಯಾಕತ್ತೇನಿ."

ಮುಂದಿನ ಆ ಒಂದು ವಾರ! ಹೇಗೆ ವರ್ಣಿಸಲಿ? ಬಳೆಗಾರನನ್ನು ಮನೆಗೆ ಕರೆಸಿದಳು. "ಕೈ ಅಳತಿ ಎಷ್ಟ್ರಿ?" ಎಂದು ಆತ ಕೇಳಿದ. "ಎರಡು ಗಂಟೆಕ್ಕ ಬರ್ತಾಳ, ನೀವ ನೋಡ್ರಿ" ಎಂದು ಟಿವಿಯ ಮುಂದೆ ಕೂರಿಸಿದಳು! ಆ ಪುಣ್ಯಾತ್ಮನೂ ಗಂಭೀರವಾಗಿ ಕೂತ. ನಾಯಕಿ ಕೈಯೆತ್ತಿ ಕಣ್ಣೀರು ಒರೆಸಿಕೊಂಡ ಗಳಿಗೆ ನೋಡಿ, "ಎರಡು-ನಾಲ್ಕು!" ಎಂದ. ಚಿಗವ್ವ ಒಪ್ಪಲಿಲ್ಲ. "ಎರಡು-ಆರು ಕೊಡ್ರಿ." ಆತ ತನ್ನ ಅನುಭವದ ಮೇಲೆ ಆಣೆ ಮಾಡಿದ. ಚಿಗವ್ವ ಜಪ್ಪಯ್ಯ ಎನ್ನಲಿಲ್ಲ. ಹುಚ್ಚಿನಲ್ಲೂ ಇಷ್ಟು ಹಟವೇ ಎಂದು ನಾನು ತಲೆ ಚಚ್ಚಿಕೊಂಡೆ.

ಆಮೇಲೆ ಅರಿಷಿಣ-ಕುಂಕುಮದ ಬಟ್ಟಲು ಹಿಡಿದು ಓಣಿ ಓಣಿ ಸುತ್ತಿ ಕರೆದಳು. ಸಾಲದ್ದಕ್ಕೆ ರೈಲು ಹತ್ತಿ ಗುಡಗೇರಿಯ ಸಂತೆಗೆ ಹೋಗಿ ಅಲ್ಲಿಯೂ ಕರೆದು ಬಂದಳು!

"ಸಂತ್ಯಾಗ ಯಾರನ್ನ ಕರದಿ ಚಿಗವ್ವಾ?"

"ಕಾಯಿಪಲ್ಲೆ ಕೊಳ್ಳಾಕ ಬಂದಿದ್ದ ಹೆಣಮಕ್ಕಳನ್ನೆಲ್ಲ ಕರದ್ನಿ. ಅಗದಿ ನಕ್ಕೋತ ಬರ್ತೇವಂದ್ರು."

ಶಾಲೆಗೂ ಸುದ್ದಿ ಮುಟ್ಟಿತು. "ಟೀಚರ್, ಶುಕ್ರವಾರ ಮಧ್ಯಾಹ್ನ ನಿಮಗೆ ರಜೆ ಮಂಜೂರು. ಅರ್ಜಿ ಬೇಡ" ಎಂದರು ಹೆಡ್‌ಮಾಸ್ತರರು. ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಚಿಗವ್ವನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಒಂದು ಹುಡುಗಿ ಕುಬಸವಿಲ್ಲದೆ ಎದುರಿಗೇ ಕೂತು ರೊಟ್ಟಿ ಬಡಿಯುತ್ತಿರುವಾಗ, ಬಣ್ಣ ಹಚ್ಚಿಕೊಂಡು ಹೊಟ್ಟೆಗೆ ದಿಂಬು ಕಟ್ಟಿಕೊಂಡವಳಿಗೆ ಸೀರೆಯೇ? ಹಾಗೆಂದು ಕೇಳಿಯೂ ಬಿಟ್ಟೆ. ಚಿಗವ್ವ ನನ್ನ ಮುಖ ನೋಡಿ, "ನೀ ಸಾಲಿ ಕಲತಾಕಿ, ನಿನಗ ತಿಳಿಯೂದಿಲ್ಲ" ಎಂದು ಒಳಗೆ ಹೋದಳು.

ಶುಕ್ರವಾರ ಬಂತು. ಶೆಡ್ಡು ತುಂಬ ಹೆಂಗಸರು! ನಿಲ್ಲಲು ಜಾಗವಿಲ್ಲ. ಎಲ್ಲರ ಮುಖದಲ್ಲೂ ಒಂದೇ ನಗು. ಯಾರೋ ಟಿವಿಗೆ ಸೇವಂತಿಗೆಯ ಹಾರ ಹಾಕಿಬಿಟ್ಟರು. "ತಗೀರೆ ಅದನ್ನ! ಸತ್ತವರ ಫೋಟೋ ಕಂಡಂಗ ಕಾಣತೈತಿ!" ಎಂದು ಒಬ್ಬ ಮುದುಕಿ ಕೂಗಿದಳು. ಎರಡು ಗಂಟೆಗೆ ಸರಿಯಾಗಿ ಧಾರಾವಾಹಿ ಶುರುವಾಯಿತು. ನಾಯಕಿ ಬಂದಳು. ಚಿಗವ್ವ ಆರತಿ ಹಿಡಿದು ಬಂದಳು. ಬಂದವಳು ಟಿವಿಯ ಮುಂದೆ ನಿಂತು, ಆಗ ತಾನೇ ಹೊಳೆದವಳಂತೆ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ನಮ್ಮವ್ವಾ! ಆಕಿ ಅಲ್ಲಿ ಒಳಗದಾಳ. ಉಡಿ ಎಲ್ಲಿ ತುಂಬೂದು? ಬಳಿ ಯಾರ ಕೈಗೆ ಇಡಸೂದು?"

ಶೆಡ್ಡು ನಗೆಯಿಂದ ಹಾರಿಹೋಗುವುದೊಂದೇ ಬಾಕಿ.

"ಆಕಿ ಬದಲಿ ಯಾರಾರ ಕುಂಡ್ರಬೇಕ್ರೆ. ಏಳು ತಿಂಗಳದಾಕೀನ ಆಗಬೇಕು, ಇಲ್ಲಂದ್ರ ಶಾಸ್ತ್ರ ಕೆಡತೈತಿ."

ಎಲ್ಲರ ಕಣ್ಣೂ ಎಂಟನೇ ಒಲೆಯ ಕಡೆ ತಿರುಗಿದವು. ಸವಿತಾ ಎದ್ದು ನಿಂತಳು. ಮುಖ ಕೆಂಪಗಾಗಿತ್ತು. "ಅಕ್ಕಾರ, ನಾ ಮೊದಲ ಹೇಳೇನಿ. ನನಗ ಬ್ಯಾಡ."

"ನಿನಗ್ಯಾರ ಮಾಡಾಕತ್ತಾರ? ಮಾಡಾಕತ್ತಿದ್ದು ಆಕಿಗೆ! ನೀ ಬರೇ ಕುರ್ಚಿ ಮ್ಯಾಲ ಕುಂಡ್ರು. ಇದೂ ಒಂದ ಕೆಲಸಾ ಅಂತ ತಿಳಕೋ."

"ಕುಂಡ್ರವಾ, ಪಾಪ..." ಎಂದು ಯಾರೋ ಬಾಯಿ ತೆರೆದರು. ಚಿಗವ್ವ ಕಣ್ಣು ಕೆಂಪು ಮಾಡಿ ನೋಡಿದಳು. ಆ ಮಾತು ಅಲ್ಲೇ ಸತ್ತಿತು. ಕೆಲಸ ಎಂದ ಮೇಲೆ ಸವಿತಾಗೆ ಬೇರೆ ದಾರಿ ಉಳಿಯಲಿಲ್ಲ. ಬಂದು ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಗಾದರೂ ಎದ್ದು ಹೋಗುವವಳಂತೆ ಕೂತಳು. ಬಳೆಗಾರ ಎರಡು-ಆರರ ಹಸಿರು ಬಳೆ ಇಡಿಸಿದ. ಒಂದೂ ಬಿಗಿಯಾಗಲಿಲ್ಲ, ಒಂದೂ ಒಡೆಯಲಿಲ್ಲ. ಆಗ ನನ್ನ ದಡ್ಡ ತಲೆಗೆ ಮೊದಲ ಬೆಳಕು ಹೊಕ್ಕಿತು.

ಆದರೂ ಸವಿತಾ ಬೇಕೆಂದದ್ದು ಬಳೆಯಲ್ಲವಲ್ಲ! ತವರಿನ ಬುತ್ತಿ. ಅದನ್ನು ಚಿಗವ್ವ ಎಲ್ಲಿಂದ ತರುತ್ತಾಳೆ? ಹಸಿರು ಸೀರೆ ತಟ್ಟೆಯಲ್ಲೇ ಇತ್ತು. ಚಿಗವ್ವ ಅದನ್ನು ಮುಟ್ಟದೆ ಸುಮ್ಮನೆ ಬಾಗಿಲು ನೋಡುತ್ತ ನಿಂತಿದ್ದಳು. ಶೆಡ್ಡಿನ ಹಿಂದೆ ರೈಲು ಬಂದು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ತಲೆಯ ಮೇಲೆ ಬಿಳಿ ಅರಿವೆಯಲ್ಲಿ ಕಟ್ಟಿದ ದೊಡ್ಡ ಬುಟ್ಟಿ.

"ಟಿವಿಯಾಕಿ ಕುಬಸ ಇಲ್ಲೇ ಏನ್ರಿ?"

"ಯವ್ವಾ!" ಎಂದಳು ಸವಿತಾ.

ಗುಡಗೇರಿಯ ಸಂತೆಯಲ್ಲಿ ಚಿಗವ್ವ ಕುಂಕುಮ ಹಚ್ಚಿದ್ದು ಇವಳಿಗೆ! "ಮಗಳ ಕುಬಸಕ್ಕೆ ಹೋಗುತ್ತೇನೆ" ಎಂದರೆ ಆ ಮನೆಯಲ್ಲಿ ರಂಪವಾಗುತ್ತಿತ್ತು. "ಟಿವಿಯವಳ ಕುಬಸಕ್ಕೆ ಹೋಗುತ್ತೇನೆ" ಎಂದರೆ ಯಾರು ಬೇಡ ಎನ್ನುತ್ತಾರೆ? ನಗುತ್ತಾರೆ, ಅಷ್ಟೆ. ಆ ನಗುವಿಗಾಗಿಯೇ ಚಿಗವ್ವ ಇಷ್ಟು ಊರು ಕೂಡಿಸಿ ತನ್ನನ್ನು ತಾನು ಹುಚ್ಚಿ ಮಾಡಿಕೊಂಡಿದ್ದಳು. ನನಗೆ ನಾಚಿಕೆಯಾಯಿತು. ಸ್ಟಾಫ್ ರೂಮಿನಲ್ಲಿ ತಲೆ ತಗ್ಗಿಸಿದ್ದಕ್ಕೂ, ಅವಳನ್ನು ಹಾಗೆ ಕೇಳಿದ್ದಕ್ಕೂ.

ಆ ತಾಯಿಗೆ ಅಳಲು ಪುರಸೊತ್ತು ಕೊಡಬೇಕಲ್ಲ ನಮ್ಮ ಹೆಂಗಸರು! ಬುಟ್ಟಿ ಇಳಿಸಿಕೊಂಡರು, ಸೀರೆ ಉಡಿಸಿದರು, ಕುಬಸ ತೊಡಿಸಿದರು. ತಾಯಿಯೇ ಮಗಳ ಉಡಿ ತುಂಬಿದಳು. "ಗಂಡನ ಹೆಸರು ಹೇಳು, ಒಡಪು ಹಚ್ಚಿ ಹೇಳು!" ಎಂದು ಗದ್ದಲ ಎದ್ದಿತು. ಸವಿತಾ ಕಣ್ಣೊರೆಸಿಕೊಂಡು ಹೇಳಿದಳು:

"ಕರೀ ಹಂಚಿನ ಮ್ಯಾಲ ಬಿಳೀ ಜೋಳದ ರೊಟ್ಟಿ,
ಮಂಜುನಾಥರ ಹೆಸರ ಹೇಳತೇನಿ ಗಟ್ಟಿ!"

"ಟಿವಿಯಾಕಿ ಗಂಡನ ಹೆಸರು ಮಂಜುನಾಥ ಅಲ್ಲಲ್ಲ!" ಎಂದಳು ಒಬ್ಬಳು ತುಂಟಿ.

"ಇವತ್ತೊಂದಿನ ಅದ ಇರ್ಲಿ ಬಿಡ್ರೆ!" ಎಂದಳು ಚಿಗವ್ವ.

ಬುತ್ತಿ ಬಿಚ್ಚಿದರು. ಹೋಳಿಗೆ, ಮಾದಲಿ, ಕರ್ಚಿಕಾಯಿ, ಮೊಸರನ್ನ, ಎಣ್ಣೆಗಾಯಿ ಬದನೆಕಾಯಿ. ತಾಯಿ ಎಣ್ಣೆಗಾಯಿಯ ಮೊದಲ ತುತ್ತನ್ನು ಮಗಳ ಬಾಯಿಗಿಟ್ಟಳು. ಸವಿತಾಗೆ ಮೊದಲಿನಿಂದಲೂ ಖಾರ ಆಗದು. ನಮ್ಮ ಮನೆಯ ಚಟ್ನಿಗೂ ಮೊಸರು ಸುರಿದುಕೊಂಡೇ ಉಣ್ಣುವವಳು. ತುತ್ತು ಅಗಿದವಳು ಅಗಿಯುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದಳು.

"ಖಾರನ ಇಲ್ಲಲ್ಲಬೇ! ನಮ್ಮಪ್ಪ ಖಾರ ಇಲ್ಲದ ಪಲ್ಯಾ ಮುಟ್ಟೂದಿಲ್ಲ. ಮನ್ಯಾಗ ಹೆಂಗ ಮಾಡಿದೀ?"

ತಾಯಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಮುಂಜಾನಿ ನಿಮ್ಮಪ್ಪ ಅಡಗಿಮನಿ ಬಾಗಲದಾಗ ಬಂದು ನಿಂತಿದ್ರವಾ. ನಾ ಹೆದರಿದ್ನಿ. ಬುತ್ತಿ ನೋಡಿದ್ರು. ಆಮ್ಯಾಲ, 'ಟಿವಿಯಾಕಿಗೆ ಖಾರ ಆಗೂದಿಲ್ಲ, ಪಲ್ಯಾಕ್ಕ ಖಾರ ಹಾಕಬ್ಯಾಡ' ಅಂದ್ರು. ಸ್ಟೇಷನ್ ತನಕ ಬುಟ್ಟಿ ತಾವ ಹೊತಗೊಂಡು ಬಂದ್ರು."

ಸವಿತಾ ತಾಯಿಯ ಕೈಯಿಂದ ತಟ್ಟೆ ತೆಗೆದುಕೊಂಡಳು. ಅಳುತ್ತಲೇ ಉಂಡಳು. ಒಂದು ಅಗಳೂ ಬಿಡದೆ, ತಟ್ಟೆಯ ಎಣ್ಣೆಯನ್ನೂ ರೊಟ್ಟಿಯಿಂದ ಒರೆಸಿ ಉಂಡಳು. ಉಂಡು ಮುಗಿಸಿ, ಹಸಿರು ಬಳೆಯ ಕೈಯಿಂದಲೇ ಕಣ್ಣೊರೆಸಿಕೊಂಡು ತಾಯಿಗೆ ಹೇಳಿದಳು:

"ಅಪ್ಪಗ ಹೇಳಬೇ. ಟಿವಿಯಾಕಿ ಹೊಟ್ಟಿ ತುಂಬ ಉಂಡ್ಲು ಅಂತ ಹೇಳು."